ಕೀಮನ್ ಕೆಲಸದವರಿಗೆ ಎರಡು ಜೇನುಪೆಟ್ಟಿಗೆ, ಮೂರನೆಯದು ಬೇಡ

ತುಮಕೂರು ಜಿಲ್ಲೆಯ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್ ಕಡೆ ಕೀಮನ್‌ಗಳಲ್ಲಿ, ಅಂದರೆ ರೈಲು ಹಳಿ ಕಾಯುವವರಲ್ಲಿ, ಜೇನು ಸಾಕುವ ಆಸೆ ಇರುವವರಿಗೆ ಒಂದು ಮಾತು. ಸಬ್ಸಿಡಿ ಸಿಗುತ್ತದೆ ಅಂತ ಹತ್ತು ಪೆಟ್ಟಿಗೆ ಒಟ್ಟಿಗೆ ತರಬೇಡಿ. ಎರಡು ತನ್ನಿ. ಒಂದೇ ಇದ್ದರೆ, ರಾಣಿ ಸತ್ತಾಗ ಹೊಸ ರಾಣಿ ಬೆಳೆಸಿಕೊಳ್ಳಲು ಮೊಟ್ಟೆ ಇರುವ ಎರಿ (ಮೇಣದ ಹಲ್ಲೆ) ಕೊಡಲು ಪಕ್ಕದಲ್ಲಿ ಇನ್ನೊಂದು ಜೇನು ಸಂಸಾರ ಇರುವುದಿಲ್ಲ. ಎರಡಕ್ಕಿಂತ ಹೆಚ್ಚಾದರೆ ನೋಡಿಕೊಳ್ಳಲು ಡ್ಯೂಟಿ ಬಿಡುವುದಿಲ್ಲ.

ಡ್ಯೂಟಿ ಎಂಥದ್ದು ಅಂತ ಹೊರಗಿನವರಿಗೆ ಗೊತ್ತಿಲ್ಲ. ಕೀಮನ್ ದಿನಾ ತನ್ನ ಬೀಟ್, ಅಂದರೆ ತನಗೆ ವಹಿಸಿದ ಹಳಿಯ ಭಾಗ, ಪೂರ್ತಿ ನಡೆಯಬೇಕು, ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಹಳಿಯನ್ನು ಸ್ಲೀಪರಿಗೆ ಹಿಡಿದಿಡುವ ಪ್ಯಾಂಡ್ರೋಲ್ ಕ್ಲಿಪ್ ಸಡಿಲಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸಬೇಕು, ಕ್ಲಿಪ್ಪಿನ ಕೆಳಗಿನ ಜರುಗಿದ ಲೈನರ್ ಸರಿಮಾಡಬೇಕು, ಎರಡು ಹಳಿ ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟ್ ಬಿಗಿಮಾಡಬೇಕು, ವೆಲ್ಡಿಂಗ್ ಇರುವಲ್ಲೆಲ್ಲ ಬಗ್ಗಿ ಬಿರುಕು ಹುಡುಕಬೇಕು. ಹಳಿ ಮುರಿದದ್ದು ಕಂಡರೆ ರೈಲು ಬರುವ ದಿಕ್ಕಿಗೆ ಓಡಿ, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಡಿಟೋನೇಟರ್ (ಚಕ್ರ ಹತ್ತಿದಾಗ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿ) ಕಟ್ಟಬೇಕು. ಇಷ್ಟು ಜವಾಬ್ದಾರಿ ಹೊತ್ತವರನ್ನು ನಾವು ಮಾತಿಗೂ ನೆನೆಯುವುದಿಲ್ಲ, ಅದು ತಪ್ಪು.

ತೊಡಕು ಇರುವುದು ಮಾರ್ಚ್, ಏಪ್ರಿಲ್‌ನಲ್ಲಿ. ಬಿಸಿಲಿಗೆ ಹಳಿಯ ಕಾವು ಗಾಳಿಗಿಂತ ಸುಮಾರು 20 ಡಿಗ್ರಿ ಹೆಚ್ಚಾಗುತ್ತದೆ. ಬೆಸೆದ ಉದ್ದ ಹಳಿಗೆ ಹಿಗ್ಗಲು ಸಂದು ಇರುವುದಿಲ್ಲ, ಪಕ್ಕದ ಜಲ್ಲಿ ಕಡಿಮೆ ಇರುವ ಕಡೆ ಹಾವಿನ ಥರ ಸೊಟ್ಟಗಾಗುತ್ತದೆ. ಅದಕ್ಕೇ ಮಟಮಟ ಮಧ್ಯಾಹ್ನದ ಗಸ್ತು. ಹೊಂಗೆ ಹೂ ಬಿಡುವುದೂ, ಜೇನು ತುಂಬುವುದೂ, ಸಂಸಾರ ಪಾಲಾಗುವುದೂ ಸರಿಯಾಗಿ ಇದೇ ಕಾಲಕ್ಕೆ.

ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನಿನ, ಲೆಕ್ಕ ಹೀಗೆ. ಹೊಸ ರಾಣಿ ಬೆಳೆಯುವ ಕೋಶದಲ್ಲಿ ಮೊಟ್ಟೆ ಇಟ್ಟ ಎಂಟನೇ ದಿನದ ಹೊತ್ತಿಗೆ ಕೋಶಕ್ಕೆ ಮುಚ್ಚಳ ಬೀಳುತ್ತದೆ, ಆಮೇಲೆ ಹಳೆ ರಾಣಿ ಅರ್ಧ ನೊಣಗಳ ಜೊತೆ ಹೊರಟುಬಿಡುತ್ತದೆ. ಅಂದರೆ ವಾರಕ್ಕೊಮ್ಮೆ ಪೆಟ್ಟಿಗೆ ತೆಗೆದು ನೋಡಲೇಬೇಕು. ವಾರದ ರಜೆಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ತುರ್ತು ಕೆಲಸಕ್ಕೆ ಕರೆದು ಒಂದು ರಜೆ ಹೋಯಿತು ಅಂದರೆ ನಡುವೆ ಹದಿನಾಲ್ಕು ದಿನ ಬಿದ್ದಂತೆ, ಅಷ್ಟರಲ್ಲಿ ಸಂಸಾರ ಹೋಗಿರುತ್ತದೆ. ಆದ್ದರಿಂದ ಮನೆಯಲ್ಲಿ ಇನ್ನೊಬ್ಬರು ಈ ಕೆಲಸ ಕಲಿತಿರಲೇಬೇಕು. ಇದರಲ್ಲಿ ರಾಜಿ ಬೇಡ.

ಪೆಟ್ಟಿಗೆಯನ್ನು ರೈಲ್ವೆ ಜಾಗದಲ್ಲಿ ಇಡಬೇಡಿ. ತೆಂಗಿನ ತೋಟದ ನೆರಳು ಒಳ್ಳೆಯದು, ಪರಾಗ ವರ್ಷವಿಡೀ ಸಿಗುತ್ತದೆ. ಸ್ಟ್ಯಾಂಡಿನ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ, ಒಂದು ದಿನ ಬಟ್ಟಲು ಒಣಗಿದರೂ ಇರುವೆ ಹತ್ತುತ್ತದೆ. ಬೇಸಿಗೆಯಲ್ಲಿ ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ, ಹತ್ತಿರದಲ್ಲೇ ಕಲ್ಲು ಹಾಕಿದ ನೀರಿನ ತಟ್ಟೆ. ಮರಿಗಳಿಗೆ 34-35 ಡಿಗ್ರಿ ಕಾವು ಬೇಕು. ಅದಕ್ಕಿಂತ ಏರಿದರೆ ನೊಣಗಳು ಹೂವಿಗೆ ಹೋಗುವುದು ಬಿಟ್ಟು ನೀರು ಹೊರಲು ನಿಲ್ಲುತ್ತವೆ.

ಮಳೆಗಾಲದಲ್ಲಿ ಹೂ ಕಡಿಮೆಯಾದಾಗ ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು ಬೆರೆಸಿ, ಸಂಜೆ ಕತ್ತಲಾಗುವಾಗ ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಒಂದು ಹನಿ ಚೆಲ್ಲಿದರೂ ಪಕ್ಕದ ಪೆಟ್ಟಿಗೆಯ ನೊಣ ಬಂದು ಲೂಟಿ ಶುರುವಾಗುತ್ತದೆ. ನೊಣ ಕಮ್ಮಿಯಾಗಿ ಎರಿ ಖಾಲಿ ಬಿದ್ದಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಮೇಣದ ಹುಳು ಬಲೆ ಕಟ್ಟುತ್ತದೆ. ಹುಚ್ಚೆಳ್ಳು ಹೂ ಬಂದಾಗ ಮತ್ತೆ ಚೇತರಿಸಿಕೊಳ್ಳುತ್ತವೆ.

ಮಾವಿನ ಹೂವಿಗೆ ಜಿಗಿಹುಳದ ಔಷಧಿ ಹೊಡೆಯುವ ತೋಟದವರನ್ನು ಮೊದಲೇ ಮಾತಾಡಿಸಿ, ಸಂಜೆ ಹೊಡೆಯಿರಿ ಅಂತ ಕೇಳಿಕೊಳ್ಳಿ. ಬಾಗಿಲ ಮುಂದೆ ನೊಣ ರಾಶಿ ಬಿದ್ದ ಮೇಲೆ ಜಗಳವಾಡಿ ಪ್ರಯೋಜನವಿಲ್ಲ. ನೆನಪಿರಲಿ, 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಜೇನುಮರಿಗಳನ್ನು ಕೊಲ್ಲುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತ್ತು. ಗೊತ್ತಿಲ್ಲದ ಕಡೆಯಿಂದ ಸಂಸಾರ ಕೊಳ್ಳಬೇಡಿ.

ಜೇನು ತೆಗೆಯುವುದು ಕೋಶಗಳಲ್ಲಿ ಮುಕ್ಕಾಲು ಪಾಲಿಗೆ ಮೇಣದ ಮುಚ್ಚಳ ಬಿದ್ದ ಮೇಲೆ ಮಾತ್ರ. ಮುಂಚೆ ತೆಗೆದರೆ ನೀರಿನಂಶ ಹೆಚ್ಚಿದ್ದು ಹುಳಿಯುತ್ತದೆ. ಮೇಲಿನ ಜೇನುಕೋಣೆಯದ್ದು ಮಾತ್ರ ತೆಗೆಯಿರಿ, ಕೆಳಗಿನ ಸಂಸಾರದ ಕೋಣೆ ಮುಟ್ಟಬೇಡಿ. ಒಂದು ಪೆಟ್ಟಿಗೆಗೆ ವರ್ಷಕ್ಕೆ ನಾಲ್ಕೈದು ಕೆಜಿ ಬಂದರೆ ನಮ್ಮ ಸೀಮೆಗೆ ಅದು ಒಳ್ಳೆಯ ವರ್ಷ.

ಮನೆಯವರಿಗೆ ಮೊದಲು ಕಲಿಸಬೇಕಾದದ್ದು ರಾಣಿ ಕೋಶ ಗುರುತಿಸುವುದು. ಎರಿಯ ಕೆಳ ಅಂಚಿನಲ್ಲಿ, ಸಿಪ್ಪೆ ಸಮೇತ ಕಡಲೆಕಾಯಿಯ ಥರ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಅದು ಕಂಡ ದಿನವೇ, ನೀವು ಲೈನ್ ಮೇಲಿದ್ದರೂ ಸರಿ, ಅವರೇ ಸಂಸಾರವನ್ನು ಖಾಲಿ ಪೆಟ್ಟಿಗೆಗೆ ಪಾಲು ಮಾಡಲಿ. ಹಾಗೆ ಬಂದ ಮೂರನೆಯದನ್ನು ಊರಿನ ಇನ್ನೊಬ್ಬರಿಗೆ ಕೊಟ್ಟುಬಿಡಿ.