ಕೈ ಮುಗಿಯಬೇಡಿ, ಓದಿ

ಎಂಟು ಪುಟದ ಕತೆ. ಊರ ಕಡೆಯ ಬರಹಗಾರ ಗೆಳೆಯರ ವಾಟ್ಸಾಪ್ ಗುಂಪಿಗೆ ರಾತ್ರಿ ಊಟ ಮುಗಿಸಿ ಹಾಕಿದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಹನ್ನೊಂದು ಜನ ಕೈ ಮುಗಿದಿದ್ದರು. 'ಸೂಪರ್ ಸರ', 'ಮಸ್ತ್ ಬರದೀರಿ', 'ನಿಮ್ಮ ಲೇಖನಿಗೆ ಶರಣು'. ಒಬ್ಬರಂತೂ ಒಂದು ಸಾಲು ಗುಲಾಬಿ ಹೂವನ್ನೇ ಇಟ್ಟಿದ್ದರು. ಎಷ್ಟೇ ಬೇಗ ಓದಿದರೂ ಆ ಕತೆಗೆ ಕಾಲು ಗಂಟೆ ಬೇಕು. ಅಂದರೆ ಯಾರೂ ಓದಿರಲಿಲ್ಲ. ಮರುದಿನವೂ ಯಾರೂ ಓದಲಿಲ್ಲ. ಬೆಳಿಗ್ಗೆ ಶುಭೋದಯದ ಚಿತ್ರಗಳು ಬಂದವು, ಒಬ್ಬರ ಹುಟ್ಟುಹಬ್ಬ ಬಂತು, ನನ್ನ ಕತೆ ಮೇಲಕ್ಕೆ ಸರಿದುಹೋಯಿತು.

ನನಗೆ ನಿಜಕ್ಕೂ ನೋವಾಯಿತು. ಮೊದಲೆಲ್ಲ ಇಷ್ಟು ಆಗುತ್ತಿರಲಿಲ್ಲ. ಈಗ ಆಗುತ್ತದೆ, ಯಾಕೆಂದರೆ ಪುಣೆಯಲ್ಲಿ ನನಗೆ ಬೇರೆ ರೂಢಿಯಾಗಿದೆ.

ನಾನು ಬೆಳಗಾವಿ ಜಿಲ್ಲೆಯವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡ ಮರಾಠಿ ಎರಡೂ. ಕೆಲಸಕ್ಕೆಂದು ಪುಣೆಗೆ ಬಂದು ಕೊಥ್ರೂಡಿನಲ್ಲಿ ನೆಲೆ ನಿಂತು ಬಹಳ ವರ್ಷವಾಯಿತು. ಇಲ್ಲಿ ಹೇಗೋ ಒಂದು ಗುಂಪಿಗೆ ಸೇರಿಕೊಂಡೆ. ಇಬ್ಬರು ಕತೆಗಾರರು, ಪುಸ್ತಕದ ಮುಖಪುಟ ಮಾಡುವ ಒಬ್ಬ ಚಿತ್ರಕಾರ್ತಿ, ನಾಟಕಗಳಿಗೆ ಬೆಳಕು ಮಾಡುವ ಒಬ್ಬ ಹುಡುಗ, ಬ್ಯಾಂಕಿನಿಂದ ನಿವೃತ್ತರಾಗಿ ಹಾರ್ಮೋನಿಯಂ ಹಿಡಿದು ಕೂತ ಒಬ್ಬರು ಹಿರಿಯರು, ಸಾಂಗಲಿಯಿಂದ ಕವಿತೆ ಬರೆಯುವ ಒಬ್ಬಾಕೆ. ಎಲ್ಲರೂ ಒಂದೇ ಕಡೆ ಸೇರುವುದು ಅಪರೂಪ. ದಿನದ ಮಾತೆಲ್ಲ ಫೋನಿನಲ್ಲೇ. ಭಾನುವಾರ ರಾತ್ರಿ ವಿಡಿಯೊ ಕಾಲ್.

ಅವರದು ಒಂದು ಪದ್ಧತಿ ಇದೆ. ಬರೆದವನು ತನ್ನ ಬರಹವನ್ನು ತಾನು ಓದುವಂತಿಲ್ಲ. ಗುಂಪಿನ ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಿ, ದನಿ ಮುದ್ರಿಸಿ ಎಲ್ಲರಿಗೂ ಕಳಿಸುತ್ತಾರೆ. ಭಾನುವಾರ ಅದರ ಮೇಲೆ ಮಾತು. ಮಾತು ಮುಗಿಯುವ ತನಕ ಬರೆದವನು ಬಾಯಿ ಬಿಡಬಾರದು. ಮರಾಠಿಯವರಿಗೆ ಈ ಗಟ್ಟಿಯಾಗಿ ಓದುವುದು ಹೊಸದೇನಲ್ಲ. ಅಭಿವಾಚನ ಅಂತ ಕಾರ್ಯಕ್ರಮ ಇಟ್ಟರೆ ಇಲ್ಲಿ ಜನ ಟಿಕೆಟ್ ಕೊಂಡು ಬಂದು ಕೂರುತ್ತಾರೆ. ಮರಾಠಿಯ ಹಾಸ್ಯ ಬರಹಗಾರ ಪು.ಲ. ದೇಶಪಾಂಡೆ ವೇದಿಕೆಯಲ್ಲಿ ಒಬ್ಬರೇ ನಿಂತು ತಮ್ಮ ಬರಹವನ್ನು ಜನಕ್ಕೆ ಕೇಳಿಸಿದರೆ ಸಭಾಗೃಹ ತುಂಬುತ್ತಿತ್ತು. ಅವರೂ ಸ್ವಲ್ಪ ಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದವರೇ.

ಅದೇ ಎಂಟು ಪುಟದ ಕತೆಯನ್ನು ನಾನೇ ಮರಾಠಿಗೆ ತಂದು ಪುಣೆ ಗೆಳೆಯರಿಗೂ ಕೊಟ್ಟೆ. ಭಾರತ ಹುಣ್ಣಿಮೆಗೆ ಒಬ್ಬ ಮುದುಕಿ ಒಬ್ಬಳೇ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಕತೆ ಅದು. ಓದುವ ಸರದಿ ಹಾರ್ಮೋನಿಯಂ ಹಿರಿಯರದು. ಅವರು ಕಳಿಸಿದ ದನಿಯನ್ನು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಮೂರನೇ ಪುಟದಲ್ಲಿ ಒಂದು ಉದ್ದದ ವಾಕ್ಯ ಇತ್ತು. ಮುದುಕಿ ಗುಡ್ಡ ಹತ್ತುತ್ತ ತನ್ನ ಸೊಸೆಯನ್ನು ನೆನೆಯುವ ವಾಕ್ಯ. ಅಲ್ಲಿ ಅವರ ಉಸಿರು ಸಾಲಲಿಲ್ಲ. ನಡುವೆ ನಿಂತರು, ಒಮ್ಮೆ ಕೆಮ್ಮಿದರು, ಮತ್ತೆ ಮೊದಲಿಂದ ಓದಿದರು. ಎರಡನೇ ಸಲವೂ ಅದೇ ಜಾಗದಲ್ಲಿ ದನಿ ಸಣ್ಣದಾಯಿತು. ಬೇರೆ ಯಾವ ವಿಮರ್ಶೆಯೂ ನನಗೆ ಬೇಕಾಗಲಿಲ್ಲ. ಆ ವಾಕ್ಯ ಎಲ್ಲಿ ಮುರಿಯಬೇಕು ಅಂತ ಕಿವಿಗೇ ಗೊತ್ತಾಯಿತು.

ಭಾನುವಾರ ಸಾಂಗಲಿಯ ಗೆಳತಿ ಕೇಳಿದಳು, "ಮೊದಲ ಪುಟದಲ್ಲಿ ಅವಳು ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ. ಆ ರೊಟ್ಟಿ ಏನಾಯ್ತು? ನಾನು ಕೊನೇ ಪುಟದ ತನಕ ಕಾದೆ. ಅವಳಿಗೆ ಹಸಿವೇ ಆಗಲಿಲ್ವಾ?" ಚಿತ್ರಕಾರ್ತಿ ಕೇಳಿದ್ದು ಇನ್ನೊಂದು. "ಅವಳು ರಾತ್ರಿ ಮಲಗುವ ಕೋಣೆಗೆ ಬೆಳಕು ಎತ್ತಲಿಂದ ಬರುತ್ತೆ? ನಾನು ಆ ಕೋಣೆ ಬರೆಯೋಕೆ ಕೂತರೆ ಎಲ್ಲಿ ಕಿಟಕಿ ಇಡಲಿ?" ಬೆಳಕಿನ ಹುಡುಗ ಅದಕ್ಕೆ ಸೇರಿಕೊಂಡ. ಜಾತ್ರೆಯ ರಾತ್ರಿ ಅಂದಮೇಲೆ ಹೊರಗೆ ಅಂಗಡಿಗಳ ಬಲ್ಬು ಉರಿಯುತ್ತಿರಬೇಕು, ಅದು ಬಾಗಿಲ ಸಂದಿಯಿಂದ ಅವಳ ಕಾಲ ಮೇಲೆ ಬೀಳಬೇಕು ಅಂದ. ಒಂದು ಗಂಟೆ ಅವರು ನನ್ನ ಮುದುಕಿಯ ರೊಟ್ಟಿ, ಕಿಟಕಿ, ಕಾಲು ಇವುಗಳ ಬಗ್ಗೆಯೇ ಮಾತಾಡಿದರು. 'ಚೆನ್ನಾಗಿದೆ' ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಆದರೂ ಅಷ್ಟು ಖುಷಿ ನನಗೆ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ. ನಾನು ಕಟ್ಟಿದ ಮುದುಕಿಯ ಜೊತೆ ಆರು ಜನ ಗುಡ್ಡ ಹತ್ತಿ ಬಂದಿದ್ದರು.

ನನ್ನ ಸಂಕಟ ಇರುವುದು ಇಲ್ಲಿ. ಆ ಕತೆ ಹುಟ್ಟಿದ್ದು ಕನ್ನಡದಲ್ಲಿ. ನಮ್ಮ ಕನ್ನಡದ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸವದತ್ತಿ ಗುಡ್ಡ ಹತ್ತಿದವರು. ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋದವರಿದ್ದಾರೆ. ರೊಟ್ಟಿ ಗಂಟು ಬಿಚ್ಚಿ, ಪಕ್ಕದವರಿಗೆ ಚಟ್ನಿಪುಡಿ ಕೊಟ್ಟು ಉಂಡವರಿದ್ದಾರೆ. ಆ ರೊಟ್ಟಿ ಏನಾಯಿತು ಅಂತ ಕೇಳಬೇಕಾಗಿದ್ದವರು ಅವರು. ಕೇಳಿದ್ದು ಸಾಂಗಲಿಯವಳು.

ನಮ್ಮಲ್ಲಿ ಯಾಕೆ ಹೀಗೆ? ನಾನು ಒಮ್ಮೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ಗುಂಪಿನ ಹಿರಿಯರೊಬ್ಬರು ಒಂದು ಪ್ರಬಂಧ ಹಾಕಿದ್ದರು. ಒಳ್ಳೆಯ ಪ್ರಬಂಧ, ನಿಜವಾಗಿಯೂ. ಅವರ ತಂದೆಯ ಛತ್ರಿಯ ಬಗ್ಗೆ. ಪೂರ್ತಿ ಓದಿದೆ. ಎರಡನೇ ಪುಟದಿಂದ ಶುರುವಾಗಿದ್ದರೆ ಇನ್ನೂ ಚೆನ್ನಾಗಿ ಹಿಡಿಯುತ್ತಿತ್ತು ಅನಿಸಿತು, ಹಾಗೆಯೇ ಬರೆದೆ. ಯಾಕೆ ಅಂತಲೂ ಬರೆದೆ. ಗುಂಪು ಆ ಇಡೀ ದಿನ ಸುಮ್ಮನಿತ್ತು. ಒಂದು ಹೂವೂ ಬರಲಿಲ್ಲ. ರಾತ್ರಿ ಒಬ್ಬರು ಫೋನ್ ಮಾಡಿದರು. "ಯಾಕ್ರೀ ಸರ, ಹಿರಿಯರ ಮನಸ್ಸು ನೋಯಿಸ್ತೀರಿ? ಏನಾರ ಇದ್ರ ಪರ್ಸನಲ್ ಆಗಿ ಹೇಳಬೇಕಿತ್ತು." ಆಮೇಲೆ ಇನ್ನೊಬ್ಬರು. ಮೂರನೆಯವರು, "ನೀವು ಪುಣೆಯೊಳಗ ಇದ್ದು ಬದಲಾಗೀರಿ" ಅಂದರು. ಆ ಹಿರಿಯರು ಗುಂಪು ಬಿಟ್ಟರು. ಅವರನ್ನು ಮತ್ತೆ ಕರೆತರಲು ನಾಲ್ಕು ಜನ ಓಡಾಡಿದರು. ಅವರ ಛತ್ರಿಯ ಬಗ್ಗೆ ಮಾತ್ರ ಆ ನಾಲ್ವರಲ್ಲಿ ಯಾರೂ ಒಂದು ಮಾತು ಆಡಲಿಲ್ಲ.

ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದರೆ ಸಾರಿಗೆ ಉಪ್ಪು ಕಮ್ಮಿ ಅಂತ ಯಾರೂ ಹೇಳುವುದಿಲ್ಲ. ಬರಹವನ್ನೂ ನಾವು ಹಾಗೆಯೇ ನಡೆಸಿಕೊಳ್ಳುತ್ತಿದ್ದೇವೆ. ಓದುವ ಕೆಲಸ ಬಿಟ್ಟು ಮರ್ಯಾದೆಯ ಕೆಲಸ ಮಾಡುತ್ತಿದ್ದೇವೆ. ಪುಸ್ತಕ ಬಿಡುಗಡೆಯ ಆಮಂತ್ರಣ, ಶಾಲು ಹೊದಿಸಿದ ಫೋಟೊ, ಯಾವುದೋ ಪ್ರಶಸ್ತಿಗೆ ಅಭಿನಂದನೆ, ಮರುದಿನ ಅಭಿನಂದನೆಗೆ ಧನ್ಯವಾದ. ನವೆಂಬರ್ ಬಂದರೆ ಕೇಳುವುದೇ ಬೇಡ, ಫೋನ್ ತುಂಬ ಹಳದಿ ಕೆಂಪು. ಇಷ್ಟು ಪ್ರೀತಿ ಇರುವ ಜನ ಒಬ್ಬರ ಎಂಟು ಪುಟ ಇನ್ನೊಬ್ಬರು ಓದುವುದಿಲ್ಲ ಅಂದರೆ ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ. ಹೊಸದಾಗಿ ಬರೆಯುವ ಹುಡುಗ ಹುಡುಗಿಯರ ಬಗ್ಗೆ ಯೋಚನೆ ಮಾಡಿ. ಮೊದಲ ಕತೆಗೇ ಇಪ್ಪತ್ತು 'ಸೂಪರ್' ಸಿಕ್ಕಿದರೆ ಅವರು ಎರಡನೇ ಕತೆಯಲ್ಲಿ ಏನನ್ನು ತಿದ್ದಬೇಕು?

ನಮ್ಮ ಕಡೆ ಇದು ಮೊದಲಿಂದಲೂ ಹೀಗೆಯೇ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 1922ರ ಹೊತ್ತಿಗೆ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತ್ತು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಅದರಲ್ಲಿ ಬೆಳೆದವರು. ಪುಣೆಯಲ್ಲಿ ಹೆಚ್ಚುಕಮ್ಮಿ ಅದೇ ಕಾಲಕ್ಕೆ, 1923ರಲ್ಲಿ, ರವಿಕಿರಣ ಮಂಡಳ ಶುರುವಾಯಿತು. ಮಾಧವ ಜೂಲಿಯನ್, ಯಶವಂತ, ಗಿರೀಶ ಮೊದಲಾದವರು ಸೇರಿ ಪದ್ಯ ಓದಿಕೊಳ್ಳುತ್ತಿದ್ದರು. ಬೇಂದ್ರೆ ಅದಕ್ಕೂ ಮೊದಲೇ, 1918ರಲ್ಲಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಹೋಗಿದ್ದರು. ವಿಜಯಪುರದ ಕಡೆ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ ಹೇಳುವ ಹಾಡುಗಳನ್ನು ಕೂಡಿಸಿದರು. ಒಂದೊಂದು ಹಾಡಿಗೂ ಕಿವಿ ಕೊಟ್ಟು ಕೇಳದೆ ಅದು ಆಗುವ ಕೆಲಸವಲ್ಲ. ನೂರು ವರ್ಷದ ಹಿಂದೆ ಬಸ್ಸು ರಸ್ತೆ ಸರಿ ಇಲ್ಲದ ಕಾಲದಲ್ಲಿ ಅಷ್ಟು ಹತ್ತಿರ ಕೂತವರ ಮೊಮ್ಮಕ್ಕಳು ನಾವು.

ಪುಣೆ ಗೆಳೆಯರಿಗೆ ಧಾರವಾಡ ಅಂದ ಕೂಡಲೇ ನೆನಪಾಗುವುದು ಜಿ.ಎ. ಕುಲಕರ್ಣಿ. ಮರಾಠಿಯ ಅಷ್ಟು ದೊಡ್ಡ ಕತೆಗಾರ ಧಾರವಾಡದಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡು ಬಹಳ ವರ್ಷ ಅಲ್ಲೇ ಕಳೆದರು. ಸಭೆ ಸಮಾರಂಭ ಅವರಿಗೆ ಆಗುತ್ತಿರಲಿಲ್ಲ. ಆದರೆ ಕಾಗದ ಬರೆಯುತ್ತಿದ್ದರು. ಪುಟಗಟ್ಟಲೆ. ಪು.ಲ. ಅವರ ಹೆಂಡತಿ, ಲೇಖಕಿ ಸುನೀತಾ ದೇಶಪಾಂಡೆಯವರಿಗೆ, ಇನ್ನೂ ಎಷ್ಟೋ ಗೆಳೆಯರಿಗೆ. 1987ರಲ್ಲಿ ಅವರು ತೀರಿಕೊಂಡ ಮೇಲೆ ಆ ಕಾಗದಗಳೇ ಸಂಪುಟಗಳಾಗಿ ಬಂದವು. ನಮ್ಮ ಪುಣೆ ಗುಂಪಿನ ಹಿರಿಯ ಕತೆಗಾರರು ಅವನ್ನು ಮತ್ತೆ ಮತ್ತೆ ತೆಗೆದು ಓದುತ್ತಾರೆ. "ಮನುಷ್ಯನ ಮುಖ ನೋಡದೆಯೂ ಅವನ ಬರಹದ ಜೊತೆ ಸ್ನೇಹ ಮಾಡಬಹುದು, ನಿಮ್ಮ ಧಾರವಾಡದಿಂದಲೇ ನಾವು ಕಲಿತದ್ದು" ಅಂತ ಒಮ್ಮೆ ನನಗೆ ಹೇಳಿದರು. ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು.

ಪುಣೆಯ ಗುಂಪಿನಲ್ಲಿ ಎಲ್ಲ ಸರಿ ಇದೆ ಅಂತ ಹೇಳಲಾರೆ. ಇಬ್ಬರಲ್ಲಿ ಒಬ್ಬ ಕತೆಗಾರನ ಮೊದಲ ಸಂಕಲನ ಬಂದ ದಿನ ಗುಂಪಿನಲ್ಲಿ ಬಂದ ಮೊದಲ ಮೆಸೇಜು ಮುದ್ರಣ ದೋಷಗಳ ಪಟ್ಟಿ. ಪಾಪ, ಅವನು ಪೇಢೆ ಹಂಚುವ ಖುಷಿಯಲ್ಲಿದ್ದ. ಅವತ್ತು ಒಂದು ಹೂವಿನ ಚಿತ್ರ ಇದ್ದಿದ್ದರೆ ಏನೂ ಹೋಗುತ್ತಿರಲಿಲ್ಲ. ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳಿಗೆ ಕತೆ ಕಳಿಸುವ ಮಳೆಗಾಲದ ತಿಂಗಳುಗಳಲ್ಲಂತೂ ಅವರ ಮಾತು ಬಹಳ ಬಿರುಸು. ಮನೆಯಲ್ಲಿ ಜ್ವರವಿದ್ದವನನ್ನೂ 'ಎರಡನೇ ಕರಡು ಎಲ್ಲಿ' ಅಂತ ಕೇಳುತ್ತಾರೆ.

ಇನ್ನೊಂದು ವಿಷಯ ಹೇಳದಿದ್ದರೆ ಊರಿನ ಗೆಳೆಯರಿಗೆ ಅನ್ಯಾಯವಾಗುತ್ತದೆ. ಹೋದ ವರ್ಷ ಒಂದು ಹೊಸ ಕತೆ ಬರೆಯುತ್ತಿದ್ದೆ. ಹಿಂಗಾರಿ ಜೋಳ ಬಿತ್ತುವ ಹೊಲ. ಕೂರಿಗೆ ಹಿಂದೆ ನಡೆಯುವ ಹೆಣ್ಣುಮಗಳು ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡಿರುತ್ತಾಳೋ, ಬುಟ್ಟಿಯಲ್ಲಿ ಹಿಡಿದಿರುತ್ತಾಳೋ, ಯಾವ ಕೈಯಿಂದ ಬಿಡುತ್ತಾಳೆ? ಚಿಕ್ಕವನಿದ್ದಾಗ ನೋಡಿದ್ದು, ಕಣ್ಣಿಗೆ ಸರಿಯಾಗಿ ಕಟ್ಟುತ್ತಿರಲಿಲ್ಲ. ಪುಣೆಯವರನ್ನು ಕೇಳಿ ಉಪಯೋಗವಿರಲಿಲ್ಲ. ರಾತ್ರಿ ಹೊತ್ತು ಮೀರಿದ ಮೇಲೆ ಕನ್ನಡದ ಗುಂಪಿಗೆ ಒಂದು ಸಾಲು ಹಾಕಿದೆ. ಹತ್ತು ನಿಮಿಷದಲ್ಲಿ ಗದಗಿನಿಂದ ಒಬ್ಬರು, ಬಾಗಲಕೋಟೆಯಿಂದ ಇಬ್ಬರು ಬರೆದರು. ನರಗುಂದದ ಕಡೆಯ ಗೆಳೆಯ ಮಲಗಿದ್ದ ತಾಯಿಯನ್ನು ಎಬ್ಬಿಸಿ ಅವರ ದನಿಯನ್ನೇ ಕಳಿಸಿದ. "ಉಡಿ ಕಟ್ಟತಾರಪ್ಪಾ. ಎಡಗೈ ಉಡಿ ಹಿಡದಿರತೈತಿ, ಬಲಗೈ ಮುಷ್ಟಿಯಿಂದ ಒಂದs ಸಮ ಬೀಜ ಬಿಡತೈತಿ. ಎತ್ತಿನ ಹೆಜ್ಜಿ ನೋಡಕೋಂತ ಬಿಡಬೇಕು, ಅವು ಜೋರಾದ್ರ ನೀನೂ ಜೋರು." ಹಿಂದಿನಿಂದ ಆ ಗೆಳೆಯ "ಸಾಕಬೇ, ಮಲ್ಕೋ" ಅನ್ನುವುದೂ ಕೇಳುತ್ತದೆ. ಆ ತಾಯಿಯ ಮಾತು ಹೆಚ್ಚುಕಮ್ಮಿ ಹಾಗೆಯೇ ನನ್ನ ಕತೆಯಲ್ಲಿ ಕೂತಿದೆ. ಇದನ್ನು ಪುಣೆ ನನಗೆ ಯಾವತ್ತೂ ಕೊಡಲಾರದು. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹುಬ್ಬಳ್ಳಿಗೆ ಬುತ್ತಿ ತಂದುಕೊಟ್ಟವರೂ ಇದೇ ಗುಂಪಿನವರು, ಒಮ್ಮೆಯೂ ಮುಖ ನೋಡಿರದವರು.

ಅಷ್ಟು ಮಾಡುವವರಿಗೆ ಓದುವುದು ದೊಡ್ಡ ಕೆಲಸವೇ ಅಲ್ಲ. ಅದಕ್ಕೇ ನಾನು ಬಿಡದೆ ಕೇಳುತ್ತೇನೆ. ಆ ಬಿತ್ತನೆಯ ಕತೆ ಮುಗಿದ ಮೇಲೆ ನರಗುಂದದ ಗೆಳೆಯನಿಗೇ ಮೊದಲು ಕಳಿಸಿದೆ. ಕೂಡಲೇ ಕೈ ಮುಗಿದ ಚಿತ್ರ ಬಂತು. ಫೋನ್ ಮಾಡಿದೆ. "ಓದಿದ್ಯಾ?" ಅಂದೆ. "ಇಲ್ಲರಿ ಸರ, ಸುಗ್ಗಿ ಐತಿ. ಸುಗ್ಗಿ ಮುಗೀಲಿ, ಓದತೀನಿ" ಅಂದ. "ನಿಮ್ಮವ್ವಗ ಗಟ್ಟಿಯಾಗಿ ಓದಿ ಹೇಳು, ಅದನ್ನ ರೆಕಾರ್ಡ್ ಮಾಡಿ ಕಳಿಸು. ಅವರು ಎಲ್ಲಿ ತಪ್ಪು ಅಂತಾರೋ ಅಲ್ಲಿ ನಿಲ್ಲಿಸು" ಅಂದೆ. ಆಗಲಿ ಅಂದಿದ್ದಾನೆ. ಸುಗ್ಗಿ ಮುಗಿದಿದೆ, ದನಿ ಇನ್ನೂ ಬಂದಿಲ್ಲ. ಈ ವಾರ ಮತ್ತೆ ಫೋನ್ ಮಾಡುತ್ತೇನೆ.