ನುಂಗುವ ಇಂಗ್ಲಿಷು, ಅಕ್ಷರ ಬಿಡದ ನಾವು

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಊರಿಂದ ಹೊಸದಾಗಿ ಬಂದವರು Leicester ಎಂಬ ಊರಿಗೆ ಟಿಕೆಟ್ ಬೇಕೆಂದು ‘ಲೀಸೆಸ್ಟರ್’ ಅಂತ ಕೇಳುತ್ತಾರೆ. ಆ ಕಡೆಯವರು ಒಂದು ಕ್ಷಣ ಮುಖ ನೋಡಿ ‘ಲೆಸ್ಟರ್?’ ಅನ್ನುತ್ತಾರೆ. ಅದರಲ್ಲಿ ಹೀಯಾಳಿಕೆ ಇರುವುದಿಲ್ಲ, ಆದರೂ ಚುರುಕ್ಕೆನ್ನುತ್ತದೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದವರಿಗೂ ಹೀಗಾಗುವುದಕ್ಕೆ ನಮ್ಮ ಶಾಲೆಗಳೇ ಕಾರಣ ಎಂದು ನಾನು ಹೇಳುತ್ತೇನೆ. ಕನ್ನಡದ ಕಾಗುಣಿತ ಕಲಿಸಿದ ಹಾಗೇ ಇಂಗ್ಲಿಷನ್ನೂ ಕಲಿಸಿಬಿಟ್ಟೆವು. ಬರೆದದ್ದನ್ನೆಲ್ಲ ಉಚ್ಚರಿಸು, ಒಂದಕ್ಷರವೂ ಬೀಳಬಾರದು ಅಂತ. ಇಂಗ್ಲಿಷಿನವರೋ ಮಾತಿನಲ್ಲಿ ಅಕ್ಷರಗಳನ್ನು ನುಂಗುತ್ತಾರೆ.

ಊರ ಹೆಸರುಗಳಿಗೆ ಒಂದು ಸೂತ್ರವಾದರೂ ಉಂಟು. ಬರಹದಲ್ಲಿ ಕೊನೆಗೆ ‘ಸೆಸ್ಟರ್’ ಇದ್ದರೆ ಬಾಯಲ್ಲಿ ‘ಸ್ಟರ್’ ಅಷ್ಟೇ: ವೋರ್ಸೆಸ್ಟರ್ ‘ವುಸ್ಟರ್’, ಗ್ಲೌಸೆಸ್ಟರ್ ‘ಗ್ಲಾಸ್ಟರ್’, ಬೈಸೆಸ್ಟರ್ ‘ಬಿಸ್ಟರ್’. ಸೈರನ್‌ಸೆಸ್ಟರ್ ಮಾತ್ರ ಪೂರ್ತಿ ಉಳಿದಿದೆ. ನಾರ್ಫೋಕಿನ ‘ವೈಮಂಡ್‌ಹ್ಯಾಮ್’ ‘ವಿಂಡಮ್’ ಆಗುವುದಕ್ಕೆ ಸೂತ್ರವಿಲ್ಲ, ಕೇಳಿಯೇ ಕಲಿಯಬೇಕು.

ಹೀಗೆ ನುಂಗುವುದು ಈಗಿನ ಹುಡುಗರ ಸೋಮಾರಿತನವೂ ಅಲ್ಲ. ನಾವು ದಿನವೂ ಹೇಳುವ ‘ಓಕ್ಲಾಕ್’ ಎಂಬುದು ‘ಆಫ್ ದ ಕ್ಲಾಕ್’ ಸವೆದು ಉಳಿದದ್ದು. ಹಡಗಿನ ನಾವಿಕರ ಮೇಸ್ತ್ರಿ ‘ಬೋಟ್‌ಸ್ವೇನ್’ ‘ಬೋಸನ್’ ಆದ, ಹಡಗಿನ ಮುಂಭಾಗದ ‘ಫೋರ್‌ಕಾಸಲ್’ ‘ಫೋಕ್ಸಲ್’ ಆಯಿತು. ‘ಇಟ್ ಈಸ್’ ಅನ್ನು ಹಿಂದೆ ತಲೆ ಕತ್ತರಿಸಿ ‘ಟಿಸ್’ ಅನ್ನುತ್ತಿದ್ದರು, ನಡುವೆ ಕತ್ತರಿಸಿದ ‘ಇಟ್ಸ್’ ಆಮೇಲೆ ಗೆದ್ದಿತು. ‘ವೋಂಟ್’ನಲ್ಲಿ ‘ವಿಲ್’ ಕಾಣದಿರುವುದು ಅದು ‘ವೊಲ್’ ಎಂಬ ಹಳೆಯ ರೂಪದಿಂದ ಬಂದದ್ದಕ್ಕೆ. 1710ರಲ್ಲೇ ಲೇಖಕ ಜೊನಾಥನ್ ಸ್ವಿಫ್ಟ್ ಇಂಥ ಮೊಟಕು ಮಾತುಗಳ ಮೇಲೆ ಪತ್ರಿಕೆಯಲ್ಲಿ ಹರಿಹಾಯ್ದಿದ್ದ. ಅವನು ಬೈದ ‘ಮಾಬ್’ (ದೊಂಬಿಯ ಗುಂಪು) ಲ್ಯಾಟಿನ್ನಿನ ‘ಮೊಬಿಲೆ ವಲ್ಗಸ್’ನ ತುಂಡು. ಆ ಪದ ಗಟ್ಟಿಯಾಗಿ ನಿಂತೇಬಿಟ್ಟಿತು.

ನಿಜವಾಗಿ ಕೆಲಸ ಕೆಡುವುದು ‘ಕ್ಯಾನ್’ನಲ್ಲಿ. ಇಂಗ್ಲಿಷಿನವರು ‘ನಾನು ಬರಬಲ್ಲೆ’ ಎನ್ನಲು ‘ಐ ಕನ್ ಕಮ್’ ಅನ್ನುತ್ತಾರೆ. ‘ಕನ್’ ಕೇಳಿಯೂ ಕೇಳದಷ್ಟು ಚಿಕ್ಕದು, ಒತ್ತೆಲ್ಲ ‘ಕಮ್’ ಮೇಲೆ. ‘ಬರಲಾರೆ’ ಎನ್ನುವಾಗ ‘ಕಾಂಟ್’ ಮೇಲೂ ಒತ್ತು ಬೀಳುತ್ತದೆ, ಸ್ವರ ಎಳೆಯುತ್ತದೆ. ಅಮೆರಿಕದವರು ಇದನ್ನು ‘ಕ್ಯಾಂಟ್’ ಎನ್ನುತ್ತಾರೆ, ಕೊನೆಯ ‘ಟ್’ ಹೆಚ್ಚಾಗಿ ಗಂಟಲಲ್ಲೇ ನಿಲ್ಲುತ್ತದೆ. ಹಾಗಾಗಿ ಅವರ ಕಿವಿ ಹುಡುಕುವುದು ‘ಟ್’ ಅನ್ನಲ್ಲ, ಒತ್ತನ್ನು. ನಮ್ಮವರು ಎಲ್ಲ ಪದಕ್ಕೂ ಸಮವಾಗಿ ಒತ್ತು ಕೊಟ್ಟು ‘ಐ ಕ್ಯಾನ್ ಕಮ್’ ಅಂದರೆ ಆ ಕಡೆ ‘ಬರಲಾರೆ’ ಅಂತ ಕೇಳಿಸಿ, ಮೀಟಿಂಗೇ ರದ್ದಾಗಬಹುದು. ಪರಿಹಾರ ಸುಲಭ. ಹೌದಾದರೆ ಕ್ರಿಯಾಪದಕ್ಕೆ ಒತ್ತು ಕೊಡಿ, ಇಲ್ಲವಾದರೆ ‘ಕ್ಯಾನಾಟ್’ ಎಂದು ಬಿಡಿಸಿ ಹೇಳಿ. ‘ಹ್ಯಾವ್’, ‘ಆಫ್’ ಎರಡೂ ಹೀಗೇ ‘ಅವ್’ ಆಗಿ ಕುಗ್ಗುತ್ತವೆ. ಇಂಗ್ಲಿಷ್ ಮನೆಮಾತಿನವರೇ ‘ಕುಡ್ ಹ್ಯಾವ್’ ಬದಲು ‘ಕುಡ್ ಆಫ್’ ಎಂದು ಬರೆದು ಬೈಸಿಕೊಳ್ಳುವುದು ಅದಕ್ಕೇ.

ನಮಗೆ ಇದು ಹೊಸದೇನಲ್ಲ ಎಂಬುದೇ ನನಗೆ ಬೇಸರದ ಸಂಗತಿ. ‘ಮಾಡಿಕೊಂಡು’ ಎಂದು ಬರೆಯುತ್ತೇವೆ, ‘ಮಾಡ್ಕೊಂಡು’ ಅನ್ನುತ್ತೇವೆ. ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ಕೂಗುವುದು ‘ಚನ್ರಾಯ್‌ಪಟ್ಣ’. ಹೈಸ್ಕೂಲಿನಲ್ಲಿ ಲೋಪಸಂಧಿಗೆ ಉದಾಹರಣೆ ಬರೆದು ಅಂಕ ತಗೊಂಡವರೇ ಪಕ್ಕದ ಪೀರಿಯಡ್ಡಿನಲ್ಲಿ ‘ವೆಡ್‌ನೆಸ್‌ಡೇ’ ಎಂದು ಬಿಡಿಬಿಡಿಯಾಗಿ ಓದುತ್ತಾರೆ. ಒಂದು ವ್ಯತ್ಯಾಸವನ್ನಂತೂ ಮೇಷ್ಟ್ರು ಹೇಳಿಕೊಡಬೇಕಿತ್ತು. ‘ಬರುವುದಿಲ್ಲ’ ಮೈಸೂರಿನಲ್ಲಿ ‘ಬರಲ್ಲ’, ಧಾರವಾಡದಲ್ಲಿ ‘ಬರಂಗಿಲ್ಲ’. ಎಷ್ಟೇ ಸವೆದರೂ ‘ಲ್ಲ’ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ನಿಷೇಧದ ಗುರುತೇ ಗಂಟಲಲ್ಲಿ ಅಡಗಬಹುದು.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಲೇಬೇಕು. ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಪೋಲೆಂಡಿನವರು, ನೈಜೀರಿಯದವರು, ನಾವು ಒಟ್ಟಿಗೆ ಕೂತಾಗ ನಮ್ಮ ಬಿಡಿಬಿಡಿ ಇಂಗ್ಲಿಷ್ ಎಲ್ಲರಿಗೂ ತಿಳಿಯುತ್ತದೆ, ಯಾರ್ಕ್‌ಷೈರಿನ ಅಜ್ಜನ ಮಾತೇ ತಿಳಿಯುವುದಿಲ್ಲ. ಇಂಗ್ಲಿಷಿನವರೂ ಬರಹದ ಕಡೆಗೆ ವಾಲುತ್ತಿದ್ದಾರೆ. ಹಣೆಗೆ ಹಿಂದಿನವರು ‘ಫಾರಿಡ್’ ಎನ್ನುತ್ತಿದ್ದರು, ಈಗ ಹೆಚ್ಚಿನವರು ‘ಫೋರ್‌ಹೆಡ್’ ಅನ್ನುತ್ತಾರೆ. ‘ವೆಸ್ಕಿಟ್’ ಹೋಗಿ ‘ವೇಸ್ಟ್‌ಕೋಟ್’ ಬಂದಿದೆ. ಆದ್ದರಿಂದ ಅವರ ಹಾಗೇ ನುಂಗಿ ಮಾತಾಡಬೇಕೆಂಬ ಹಟ ಬೇಡ. ನುಂಗಿದ್ದನ್ನು ಕೇಳಿ ಹಿಡಿಯುವುದಕ್ಕೆ ಮಾತ್ರ ವಾರಕ್ಕೊಂದು ಪೀರಿಯಡ್ ಬೇಕು, ಮೊದಲ ಪಾಠ ‘ಕ್ಯಾನ್’ ಆಗಿರಲಿ.