ಸ್ಪಷ್ಟನೆ: ‘ದಿ ಹಿಲ್ಸ್ ಹ್ಯಾವ್ ಐಸ್’ ನಿಜವಾಗಿ ನಡೆದ ಕಥೆಯಲ್ಲ

ಕಾರಿಗೆ ಟ್ರೇಲರ್ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಹೊರಟ ಒಂದು ಕುಟುಂಬ. ಮರುಭೂಮಿಯಲ್ಲಿ ಗಾಡಿ ಕೆಟ್ಟು ನಿಲ್ಲುತ್ತದೆ. ಗುಡ್ಡದಲ್ಲಿರುವ ನರಭಕ್ಷಕರು ಮೇಲೆ ಬೀಳುತ್ತಾರೆ. 1977ರ ಈ ಸಿನಿಮಾ ಅಮೆರಿಕದಲ್ಲಿ ಒಂದು ಕುಟುಂಬಕ್ಕೆ ನಿಜವಾಗಿಯೂ ಆದದ್ದು ಎಂಬ ಮಾತು ಹರಿದಾಡುತ್ತಲೇ ಇದೆ. ಅದು ತಪ್ಪು.

ನಿರ್ದೇಶಕ ವೆಸ್ ಕ್ರೇವನ್‌ಗೆ ಎಳೆ ಸಿಕ್ಕಿದ್ದು ಸ್ಕಾಟ್ಲೆಂಡಿನ ಸಾನಿ ಬೀನ್ ಕಥೆಯಿಂದ. ಸಮುದ್ರದ ದಡದ ಗುಹೆಯಲ್ಲಿ ಸಾನಿ ಮತ್ತು ಅವನ ಸಂಸಾರ, ಒಟ್ಟು 48 ಜನ. ದಾರಿಹೋಕರನ್ನು ಕೊಂದು, ಉಪ್ಪು ಹಾಕಿಟ್ಟು ತಿನ್ನುತ್ತಿದ್ದರಂತೆ. ಕೊನೆಗೆ ರಾಜನೇ 400 ಜನರನ್ನು ಕರೆದುಕೊಂಡು ಹೋಗಿ ಹಿಡಿದನಂತೆ. ಇಷ್ಟು ದೊಡ್ಡ ಬೇಟೆ ನಡೆದಿದ್ದರೆ ಆ ಕಾಲದ ದಾಖಲೆಯಲ್ಲಿ ಒಂದು ಸಾಲಾದರೂ ಇರಬೇಕಿತ್ತು, ಅಲ್ವಾ? ಇಲ್ಲ. ಕಥೆ ಅಚ್ಚಾಗಿ ಹರಡಿದ್ದು 18ನೇ ಶತಮಾನದ ಅಗ್ಗದ ಪುಸ್ತಿಕೆಗಳಲ್ಲಿ. ಹಾಗಾಗಿ ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ದಂತಕಥೆ ಎಂದೇ ನೋಡುತ್ತಾರೆ.

‘ಅಲ್ಲೇ ಶೂಟಿಂಗ್ ಮಾಡಿದ್ದು’ ಎಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಹೆಸರೂ ಸುಮ್ನೆ ಓಡಾಡುತ್ತದೆ. ಮೊದಲ ಸಿನಿಮಾ ತೆಗೆದದ್ದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ, ದುಡ್ಡು ಕಡಿಮೆ ಇದ್ದದ್ದರಿಂದ 16 ಎಂಎಂ ಫಿಲ್ಮ್‌ನಲ್ಲಿ. ಕಥೆ ನ್ಯೂ ಮೆಕ್ಸಿಕೊದಲ್ಲಿ ನಡೆಯುವುದು 2006ರ ರೀಮೇಕ್‌ನಲ್ಲಿ. ಅದರ ಶೂಟಿಂಗ್ ಆದದ್ದೋ ಮೊರಾಕೊದಲ್ಲಿ!

ಇನ್ನೊಂದು ಮಾತು. ಮೊದಲ ಸಿನಿಮಾದ ಪೋಸ್ಟರ್‌ನಲ್ಲಿರುವ ಆ ಬೋಳುತಲೆಯ ಮುಖ ಮೇಕಪ್ ಅಲ್ಲ. ನಟ ಮೈಕೆಲ್ ಬೆರಿಮನ್ ಅವರಿಗೆ ಹುಟ್ಟಿನಿಂದಲೇ ಒಂದು ಕಾಯಿಲೆ ಇದೆ. ಕೂದಲು ಬೆಳೆಯುವುದಿಲ್ಲ, ಮೈ ಬೆವರುವುದೂ ಇಲ್ಲ. ಅಂಥವರು ಮರುಭೂಮಿಯ ಬಿಸಿಲಲ್ಲಿ ಓಡಾಡಿ ನಟಿಸಿದ್ದಾರೆ.